ಹೊಸ ಸ್ಪೀಕರ್‌ಗೆ ಬರ್ನ್-ಇನ್ ಟ್ರ್ಯಾಕೋ, ದಿನದ ಹಾಡೋ?

ಹೊಸ ಸ್ಪೀಕರನ್ನು ಕೆಲವು ಗಂಟೆ ನುಡಿಸಿ ಪಳಗಿಸುವುದೇ ಬರ್ನ್-ಇನ್; ಅದಕ್ಕೆಂದೇ ಮಾಡಿದ ಧ್ವನಿಮುದ್ರಣ ಬರ್ನ್-ಇನ್ ಟ್ರ್ಯಾಕ್. ಅದರಲ್ಲಿ ಇರುವುದು ಹೆಚ್ಚಾಗಿ ಪಿಂಕ್ ನಾಯ್ಸ್ ಎಂಬ ಶೋ ಎನ್ನುವ ಸದ್ದು ಮತ್ತು 20ರಿಂದ 20,000 ಹರ್ಟ್ಜ್‌ವರೆಗೆ ಏರುವ ಸ್ವರ. ಪಿಂಕ್ ನಾಯ್ಸ್‌ನ ಶಕ್ತಿ ಪ್ರತಿ ಆಕ್ಟೇವ್‌ನಲ್ಲೂ (ಹರ್ಟ್ಜ್ ಇಮ್ಮಡಿಯಾಗುವ ಪ್ರತಿ ಅಂತರದಲ್ಲೂ) ಸಮನಾಗಿರುವುದರಿಂದ ತಗ್ಗು ಸ್ವರದ ವೂಫರ್, ಏರು ಸ್ವರದ ಟ್ವೀಟರ್ ಎರಡಕ್ಕೂ ಕೆಲಸ ಸಿಗುತ್ತದೆ. ವೂಫರ್ ಕೋನ್‌ನ ಅಂಚಿನ ರಬ್ಬರು, ಒಳಗೆ ಕೋನನ್ನು ಹಿಡಿದಿಡುವ ಸುಕ್ಕುಬಟ್ಟೆ ತುಸು ಸಡಿಲವಾಗುವುದು ನಿಜ. ಅದರ ಬಹುಪಾಲು ಮೊದಲ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಕೇಬಲ್‌ಗೆ ಇದೆಲ್ಲ ಬೇಕಿಲ್ಲ.

ಟ್ರ್ಯಾಕ್‌ನ ಅನುಕೂಲವೆಂದರೆ, ಎರಡು ಸ್ಪೀಕರ್‌ಗಳನ್ನು ಎದುರುಬದುರು ಇಟ್ಟು ಒಂದರ ವೈರ್ ತಿರುಗಿಸಿ ಜೋಡಿಸಿ ಮೋನೋದಲ್ಲಿ (ಎರಡರಲ್ಲೂ ಒಂದೇ ಸದ್ದು) ಹಾಕಿದರೆ ಸದ್ದು ಬಹಳ ತಗ್ಗುತ್ತದೆ, ಪಕ್ಕದ ಮನೆಯವರಿಗೆ ಕಿರಿಕಿರಿಯಿಲ್ಲ. ಆದರೆ ಕಲಬುರಗಿಯ ಮೇ ತಿಂಗಳಲ್ಲಿ, ಹೊರಗೆ 42 ಡಿಗ್ರಿ ಇರುವಾಗ, ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಜೋರಾಗಿ ಓಡಿಸಬೇಡಿ. ಟ್ವೀಟರ್‌ನ ಸಣ್ಣ ಕಾಯಿಲ್ (ತಂತಿ ಸುರುಳಿ) ಸುಟ್ಟರೆ ಹಾಡೂ ಇಲ್ಲ, ದುಡ್ಡೂ ಇಲ್ಲ.

ನನ್ನ ಆಯ್ಕೆ ಹಾಡೇ. ತಬಲಾದ ಬಾಯಾಂ, ತತ್ವಪದದ ದಮ್ಮಡಿ ವೂಫರನ್ನು ಚೆನ್ನಾಗಿಯೇ ಅಲುಗಿಸುತ್ತವೆ. ಜೊತೆಗೆ ನಮ್ಮ ಕಿವಿಯೂ ಆ ಸ್ಪೀಕರ್‌ಗೆ ಒಗ್ಗುತ್ತದೆ. ಸದ್ದು "ಸುಧಾರಿಸಿತು" ಅನ್ನಿಸುವುದರಲ್ಲಿ ಈ ಒಗ್ಗುವಿಕೆಯ ಪಾಲು ದೊಡ್ಡದು.

ಅದಕ್ಕಿಂತ ದೊಡ್ಡ ವ್ಯತ್ಯಾಸ ಕೋಣೆಯದು. ನಮ್ಮ ಶಹಾಬಾದ್ ಕಲ್ಲಿನ ನೆಲ ಸದ್ದನ್ನು ಹಾಗೇ ಹಿಂದಕ್ಕೆ ಎಸೆಯುತ್ತದೆ. ಸ್ಪೀಕರ್ ಮುಂದೆ ದಪ್ಪ ಜಮಖಾನ ಹಾಸಿ, ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತನ್ನಿ.

ಕರಕರ ಸದ್ದು ಬಂದರೆ ಮಾತ್ರ ಎರಡೂ ದಾರಿ ಬಿಡಿ. ಅದು ದೋಷ, ಪಳಗಿಸಿದರೆ ಹೋಗದು. ವಾಪಸಾತಿಯ ಅವಧಿ ಮುಗಿಯುವ ಮೊದಲೇ ಅಂಗಡಿಗೆ ಒಯ್ಯಿರಿ.