ವೆಜಿಮೈಟ್: ಆಸೀಸ್ ಮನೆಗಳ ಕಪ್ಪು ಲೇಹ್ಯ

ಕ್ರಿಕೆಟ್ ವರದಿಗಳ ಮೂಲಕ ನಮಗೆಲ್ಲ ‘ಆಸೀಸ್’ ಎಂದೇ ಪರಿಚಿತರಾದ ಆಸ್ಟ್ರೇಲಿಯನ್ನರ ಅಡುಗೆಮನೆಗಳಲ್ಲಿ ಹಳದಿ ಮುಚ್ಚಳದ ಗಾಜಿನ ಶೀಶೆಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರೊಳಗಿರುವುದು ವೆಜಿಮೈಟ್, ಅಂದರೆ ಯೀಸ್ಟಿನ ಸಾರದಿಂದ ಮಾಡಿದ, ಬ್ರೆಡ್ಡಿಗೆ ಸವರುವ ಕಪ್ಪು ಲೇಹ್ಯ. ಅತಿಯಾದ ಹೊಗಳಿಕೆಗೂ ಅಷ್ಟೇ ಅತಿಯಾದ ಮೂದಲಿಕೆಗೂ ಗುರಿಯಾಗಿರುವ ಈ ಪದಾರ್ಥ, ನನ್ನ ಅಭಿಪ್ರಾಯದಲ್ಲಿ, ಅಳತೆ ತಿಳಿದು ಬಳಸುವವರಿಗೆ ನಿಜಕ್ಕೂ ಸೊಗಸಾದ ವ್ಯಂಜನ.

ಮುಚ್ಚಳ ತೆರೆದರೆ ಹುದುಗಿದ ಧಾನ್ಯದ ಗಾಢ ವಾಸನೆ ಮೂಗಿಗೆ ಬಡಿಯುತ್ತದೆ. ಲೇಹ್ಯದಂತೆ ಹೊಳೆಯುವ ಕಪ್ಪು ಬಣ್ಣವನ್ನು ಕಂಡು ಸಿಹಿಯಿರಬಹುದೆಂದು ಚಮಚ ತುಂಬ ಬಾಯಿಗಿಟ್ಟವರು ಮತ್ತೆ ಅದರ ತಂಟೆಗೆ ಹೋಗುವುದಿಲ್ಲ, ಏಕೆಂದರೆ ಇದು ಅಪ್ಪಟ ಉಪ್ಪುಪ್ಪು, ಕೊನೆಯಲ್ಲಿ ತುಸು ಕಹಿ. ಆಸೀಸ್ ಜನ ಇದನ್ನು ತಿನ್ನುವ ಕ್ರಮವೇ ಬೇರೆ: ಬಿಸಿ ಟೋಸ್ಟ್ ಮೇಲೆ ಧಾರಾಳವಾಗಿ ಬೆಣ್ಣೆ ಸವರಿ, ಅದು ಕರಗುತ್ತಿರುವಾಗಲೇ ಚಾಕುವಿನ ತುದಿಯಲ್ಲಿ ಬಂದಷ್ಟು ವೆಜಿಮೈಟನ್ನು ಅಲ್ಲಲ್ಲಿ ಬ್ರೆಡ್ಡಿನ ಬಣ್ಣ ಕಾಣುವಷ್ಟು ತೆಳ್ಳಗೆ ಎಳೆಯುತ್ತಾರೆ. ಆಗ ಬೆಣ್ಣೆಯ ಜಿಡ್ಡು ಉಪ್ಪಿನ ಮೊನಚನ್ನು ತಗ್ಗಿಸಿ, ಮಾಂಸದ ಸಾರನ್ನು ನೆನಪಿಸುವ ಆಳವಾದ ರುಚಿಯೊಂದು ಮೇಲೇಳುತ್ತದೆ. ಆದರೂ ಇದರಲ್ಲಿ ಮಾಂಸದ ಅಂಶವಿಲ್ಲ. ಚೀಸ್ ಜೊತೆಗಂತೂ ಇದರ ಹೊಂದಾಣಿಕೆ ಇನ್ನೂ ಚೆನ್ನ. ಅಲ್ಲಿನ ಬೇಕರಿಗಳ ಚೀಸಿಮೈಟ್ ಸ್ಕ್ರೋಲ್ (ಚೀಸ್ ಮತ್ತು ವೆಜಿಮೈಟ್ ಸೇರಿಸಿ ಸುರುಳಿ ಸುತ್ತಿ ಬೇಯಿಸಿದ ಬ್ರೆಡ್) ಮೊದಲ ಪರಿಚಯಕ್ಕೆ ಟೋಸ್ಟಿಗಿಂತಲೂ ಸೂಕ್ತವೆಂದು ನಾನು ಹೇಳುವೆ.

ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನ ಇಂಥದೇ ಯೀಸ್ಟ್ ಲೇಹ್ಯವಾದ ಮಾರ್ಮೈಟ್‌ನ ಪೂರೈಕೆಯಲ್ಲಿ ಅಡಚಣೆಯಾದಾಗ, ಮೆಲ್ಬರ್ನ್‌ನ ಫ್ರೆಡ್ ವಾಕರ್ ಕಂಪನಿಗಾಗಿ ರಸಾಯನಶಾಸ್ತ್ರಜ್ಞ ಸಿರಿಲ್ ಕ್ಯಾಲಿಸ್ಟರ್, ಬಿಯರ್ ತಯಾರಿಕೆಯಲ್ಲಿ ಉಳಿದ ಯೀಸ್ಟಿನ ಸಾರದಿಂದ ಇದನ್ನು ರೂಪಿಸಿದರು. 1923ರಲ್ಲಿ ಇದು ಮಾರಾಟಕ್ಕೆ ಬಂತು. ಮಾರ್ಮೈಟನ್ನು ಅಣಕಿಸಲೆಂದು 1928ರಲ್ಲಿ ಇಟ್ಟ ‘ಪಾರ್‌ವಿಲ್’ ಎಂಬ ಹೆಸರು (‘ಮಾ ಮೈಟ್’, ಅಂದರೆ ಅಮ್ಮ ಮಾಡಬಹುದು; ‘ಪಾ ವಿಲ್’, ಅಂದರೆ ಅಪ್ಪ ಮಾಡಿಯೇ ತೀರುತ್ತಾನೆ ಎಂಬ ಇಂಗ್ಲಿಷ್ ಪದಚಮತ್ಕಾರ) ಜನರಿಗೆ ಹಿಡಿಸದೆ, 1935ರಲ್ಲಿ ಹಳೆಯ ಹೆಸರೇ ಮರಳಿತು. ಇಷ್ಟೊಂದು ‘ಆಸೀಸ್’ ಎನಿಸಿಕೊಂಡ ಸರಕು ದಶಕಗಳ ಕಾಲ ಅಮೆರಿಕದ ಕಂಪನಿಗಳ ಒಡೆತನದಲ್ಲಿದ್ದು, 2017ರಲ್ಲಷ್ಟೇ ಆಸ್ಟ್ರೇಲಿಯಾದ ಬೀಗಾ ಕಂಪನಿಯ ಪಾಲಾಯಿತೆಂಬುದು ಸ್ವಾರಸ್ಯಕರ.

ಬಿ1, ಬಿ2, ಬಿ3 ಜೀವಸತ್ವಗಳೂ ಫೋಲೇಟ್ ಕೂಡ ಇದರಲ್ಲಿ ಹೇರಳವಾಗಿವೆ. ಹಾಗೆಂದು ಇದನ್ನು ಔಷಧವೆಂದು ಭಾವಿಸಿ ದಪ್ಪಗೆ ಬಳಿಯುವುದು ಸಲ್ಲದು. ರಕ್ತದೊತ್ತಡವಿರುವವರು ಉಪ್ಪಿನ ಪ್ರಮಾಣವನ್ನು ಗಮನಿಸಲೇಬೇಕು. ಬಾರ್ಲಿಯ ಅಂಶವಿರುವುದರಿಂದ ಗ್ಲುಟೆನ್ (ಗೋಧಿ, ಬಾರ್ಲಿಗಳಲ್ಲಿರುವ ಪ್ರೋಟೀನ್) ಒಗ್ಗದವರಿಗೆ ಮೂಲ ವೆಜಿಮೈಟ್ ಆಗಿಬರುವುದಿಲ್ಲ. ಅವರಿಗಾಗಿ ಗ್ಲುಟೆನ್‌ರಹಿತ ಬಗೆಯೂ ಇದೆ. ಉಳಿದವರು ಸಿಗುವುದರಲ್ಲಿ ಅತಿ ಚಿಕ್ಕ ಶೀಶೆಯನ್ನೇ ಕೊಳ್ಳಲಿ. ತೆಳ್ಳಗೆ ಸವರುವವರಿಗೆ ಅದೇ ಬಹಳ ಕಾಲ ಬರುತ್ತದೆ.