ಮೆಣಸ್ಕಾಯಿಗೆ ಒಂದು ಆಪಲ್, ಹಲ್ವಕ್ಕೆ ಇನ್ನೊಂದು

ಕುಂಬಳೆ, ಬದಿಯಡ್ಕ, ಉಪ್ಪಳದ ಹಣ್ಣಿನಂಗಡಿಗಳಲ್ಲಿ ಆಪಲಿಗೆ ಮೂರೇ ಹೆಸರು: ಕೆಂಪು, ಹಸಿರು, 'ಇಂಪೋರ್ಟೆಡ್'. ಕದಳಿ ಬಾಳೆಯಲ್ಲಿ ಚಿಪ್ಸ್ ಕರಿಯಲು ಹೋಗದ ನಾವು ಆಪಲ್ ಮಾತ್ರ ಬಣ್ಣ ನೋಡಿ ತೂಗಿಸಿಕೊಂಡು ಬರುತ್ತೇವೆ. ಆಮೇಲೆ ಹುಳಿ, ಸಿಹಿ, ಖಾರ ಸೇರಿದ ಮೆಣಸ್ಕಾಯಿ ಪದಾರ್ಥ ಗಂಜಿಯಾಯಿತು ಎನ್ನುತ್ತೇವೆ. ಹೊರದೇಶದ ಹಣ್ಣಾದರೆ ಸ್ಟಿಕ್ಕರಿನ ಅಂಕಿ ನೋಡಿ. ದೊಡ್ಡ ಗಾತ್ರದ ಹಣ್ಣಿಗೆ 4017 ಗ್ರಾನಿ ಸ್ಮಿತ್, 4131 ಫುಜಿ, 4174 ರಾಯಲ್ ಗಾಲಾ, 4016 ರೆಡ್ ಡೆಲಿಷಿಯಸ್. ಅಂಕಿ ಹೇಳುವುದು ತಳಿಯನ್ನು, ದೇಶವನ್ನಲ್ಲ.

ಅಂಗಡಿಯ 'ಕಾಶ್ಮೀರ್', 'ಶಿಮ್ಲಾ' ಹೆಚ್ಚಾಗಿ ರೆಡ್ ಡೆಲಿಷಿಯಸ್ ಬಳಗದ್ದೇ. ಉದ್ದ ಮುಖ, ಅಡಿಯಲ್ಲಿ ಐದು ಉಬ್ಬು. ಹುಟ್ಟಿದ್ದು ಅಮೆರಿಕದ ಅಯೋವಾದಲ್ಲಿ. ಹಿಮಾಚಲದ ಕೋಟ್‌ಗಢಕ್ಕೆ ಇದನ್ನು ತಂದು ನೆಟ್ಟವರು ಅಮೆರಿಕದಿಂದ ಬಂದು ಅಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್. ಕಾಶ್ಮೀರದಲ್ಲಿ ಇದರ ಕೊಯ್ಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ನವರಾತ್ರಿಯಿಂದ ದೀಪಾವಳಿವರೆಗೆ ಬರುವ ಹಣ್ಣು ಕಚ್ಚಿದರೆ ಕರಕ್ ಎನ್ನುತ್ತದೆ, ರಸ ಗಲ್ಲಕ್ಕೆ ಇಳಿಯುತ್ತದೆ. ಫೆಬ್ರವರಿ ದಾಟಿದ ಮೇಲೆ ಸಿಗುವುದು ಆಮ್ಲಜನಕ ತಗ್ಗಿಸಿದ ಶೀತಲ ಗೋದಾಮಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಹಣ್ಣು. ಅಲ್ಲಿರುವಷ್ಟು ದಿನ ಸರಿ, ನಮ್ಮ ಸೆಕೆಗೆ ಬಂದ ನಾಲ್ಕೈದು ದಿನಕ್ಕೆ ಒಳಗೆ ಹಿಟ್ಟುಹಿಟ್ಟಾಗುತ್ತದೆ. ಕೋಶಗಳನ್ನು ಅಂಟಿಸಿ ಹಿಡಿದ ಪೆಕ್ಟಿನ್ ಸಡಿಲವಾಗಿ, ಕಚ್ಚಿದಾಗ ಕೋಶ ಒಡೆಯುವ ಬದಲು ಬಿಡಿಬಿಡಿಯಾಗಿ ಕಳಚಿಕೊಳ್ಳುವುದರಿಂದ ರಸ ಒಳಗೇ ಉಳಿಯುತ್ತದೆ. ಸಿಪ್ಪೆ ಮಾತ್ರ ಆಗಲೂ ಮದುಮಗಳಂತೆ ಕೆಂಪು. ಬಣ್ಣ ನಂಬಬೇಡಿ. ಬೆರಳಲ್ಲಿ ತಟ್ಟಿ ನೋಡಿ, ಗಟ್ಟಿ ಸದ್ದು ಬರಬೇಕು. ಒಂದೇ ಗಾತ್ರದ ಎರಡರಲ್ಲಿ ಭಾರದ್ದನ್ನು ಆರಿಸಿ.

ಈ ತಳಿಗೆ ಇನ್ನೊಂದು ಕೊರತೆ. ಹೂವಿನ ಕಡೆಯ ಕುಳಿ ಕೆಲವು ಹಣ್ಣಲ್ಲಿ ಬೀಜದ ಕೋಣೆವರೆಗೂ ತೆರೆದಿರುತ್ತದೆ, ಅದರೊಳಗೆ ಬೂಸ್ಟು ಸೇರಿಕೊಳ್ಳುತ್ತದೆ. ಹೊರಗೆ ಚುಕ್ಕೆಯೂ ಕಾಣದು. ಮಕ್ಕಳ ಕೈಗೆ ಇಡೀ ಹಣ್ಣು ಕೊಡುವ ಮೊದಲು ಸೀಳಿ ನೋಡುವುದು ಒಳ್ಳೆಯದು.

ಮೆಣಸ್ಕಾಯಿಗೆ ಮಾತ್ರ ಗ್ರಾನಿ ಸ್ಮಿತ್ತೇ ಆಗಬೇಕು. ಆಸ್ಟ್ರೇಲಿಯಾ ಮೂಲದ ಈ ಹಸಿರು ಹಣ್ಣನ್ನು ಹುಳಿ ಎಂದು ಬಿಡುವವರಿದ್ದಾರೆ. ಬಿಂಬುಳಿ, ಅಂಬಟೆ ತಿಂದ ನಾಲಗೆಗೆ ಇದೆಂಥ ಹುಳಿ! ಕಾಟುಮಾವು ಇಲ್ಲದ ತಿಂಗಳುಗಳಲ್ಲಿ ಇದಕ್ಕಿಂತ ಒಳ್ಳೆಯ ಬದಲಿ ಇಲ್ಲ. ಎರಡು ಹಣ್ಣು, ಸುಮಾರು 350 ಗ್ರಾಂ, ಸಿಪ್ಪೆ ಸಮೇತ ಮುಕ್ಕಾಲು ಇಂಚಿನ ಹೋಳು. ಒಂದು ಲೋಟ ನೀರಿಗೆ 50 ಗ್ರಾಂ ಬೆಲ್ಲ, ಉಪ್ಪು, ಚಿಟಿಕೆ ಅರಸಿನ ಹಾಕಿ, ಕುದಿ ಬಂದ ಮೇಲೆ ಹೋಳು ಸೇರಿಸಿ ಮುಚ್ಚಳ ಮುಚ್ಚದೆ ನಾಲ್ಕೈದು ನಿಮಿಷ ಬೇಯಿಸಿ. ಎರಡು ಚಮಚ ಎಳ್ಳು, ಒಂದು ಚಮಚ ಉದ್ದಿನಬೇಳೆ, ಅರ್ಧ ಚಮಚ ಕೊತ್ತಂಬರಿ, ನಾಲ್ಕು ಬ್ಯಾಡಗಿ ಮೆಣಸು ಹುರಿದು ಅರ್ಧ ಕಪ್ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ ಹಾಕಿ. ಒಂದೇ ಕುದಿ, ಇಳಿಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. ಹುಣಸೆಹುಳಿ ಬೇಡವೇ ಬೇಡ. ಅನನಾಸಿಗೆ ಹಾಕುವ ಲೆಕ್ಕದಲ್ಲಿ ಇಲ್ಲಿಗೂ ಹಾಕಿ ಕೆಡಿಸಿಕೊಳ್ಳುವವರೇ ಹೆಚ್ಚು.

ಬೆಲ್ಲವನ್ನು ಮೊದಲೇ ಹಾಕುವುದು ಸಿಹಿಗಷ್ಟೇ ಅಲ್ಲ. ಸಿಹಿ ಮತ್ತು ಹುಳಿ ಎರಡೂ ಹಣ್ಣಿನ ಪೆಕ್ಟಿನ್ ಕರಗುವುದನ್ನು ತಡೆಯುತ್ತವೆ, ಹೋಳು ಹೋಳಾಗಿಯೇ ಉಳಿಯುತ್ತದೆ. ಹಲ್ವಕ್ಕೆ ಲೆಕ್ಕ ತಿರುವುಮುರುವು. ಅಲ್ಲಿ ಹಣ್ಣು ಕರಗಬೇಕು, ಆದ್ದರಿಂದ ಸಕ್ಕರೆ ಕೊನೆಗೆ. ಮೊದಲೇ ಸುರಿದರೆ ತುರಿ ಬಿರುಸಾಗಿ ನಿಂತು, ಪಾಕ ಬೇರೆ, ಹಣ್ಣು ಬೇರೆ ಆಗುತ್ತದೆ. ಹಲ್ವಕ್ಕೆ ಗೋಲ್ಡನ್ ಡೆಲಿಷಿಯಸ್ ಸಿಕ್ಕಿದರೆ ಬಿಡಬೇಡಿ: ಹಳದಿ ಹಣ್ಣು, ಪರಿಮಳ ಉಳಿಯುತ್ತದೆ, ಬಣ್ಣದ ಪುಡಿ ಬೇಕಾಗುವುದಿಲ್ಲ. ಒಂದು ಕಿಲೋ ಹಣ್ಣಿನ ಸಿಪ್ಪೆ ತೆಗೆದು, 100 ಗ್ರಾಂ ತುಪ್ಪ ಬಿಸಿಯಾಗಿರುವ ಬಾಣಲೆಗೆ ನೇರ ತುರಿಯಿರಿ. ತುರಿದು ಇಟ್ಟರೆ ಕಪ್ಪಾಗುತ್ತದೆ. 12ರಿಂದ 15 ನಿಮಿಷಕ್ಕೆ ನೀರು ಆರುತ್ತದೆ, ಆಮೇಲೆ 200 ಗ್ರಾಂ ಸಕ್ಕರೆ. ಗೋಲ್ಡನ್ ಇಲ್ಲದಿದ್ದರೆ ಆ ಹಿಟ್ಟಾದ ರೆಡ್ ಡೆಲಿಷಿಯಸ್ ಇಲ್ಲಿಗೆ ಬರಲಿ, ಇಳಿಸುವಾಗ ಅರ್ಧ ಲಿಂಬೆ ಹಿಂಡಿ. ಇಲ್ಲವಾದರೆ ಸಪ್ಪೆ ಸಿಹಿ.

ಹಾಗೇ ತಿನ್ನಲು ಫುಜಿಗೆ ಹೆಚ್ಚು ಅಂಕ. ರೆಡ್ ಡೆಲಿಷಿಯಸ್ ಮತ್ತು ರಾಲ್ಸ್ ಜಾನೆಟ್ ಬೆರೆಸಿ ಜಪಾನಿನಲ್ಲಿ ಮಾಡಿದ ತಳಿ, ಬಿಡುಗಡೆಯಾದದ್ದು 1962ರಲ್ಲಿ. ಸಿಹಿ ಜಾಸ್ತಿ, ಗಟ್ಟಿ, ಬೇಗ ಹಿಟ್ಟಾಗದು. ಕೆಲವೊಮ್ಮೆ ಸೀಳಿದಾಗ ಮಧ್ಯೆ ಗಾಜಿನಂತೆ ಪಾರದರ್ಶಕ ಕಲೆ ಕಾಣುತ್ತದೆ. ಅದು ಕೊಳೆತದ್ದಲ್ಲ, ಕೋಶಗಳ ನಡುವೆ ತುಂಬಿದ ಸಿಹಿ ರಸ. ಆದರೆ ಅಂಥ ಹಣ್ಣು ಇಟ್ಟರೆ ಬಾಳದು, ಅಂದೇ ತಿನ್ನಿ. ಬೇಯಿಸದೆ ಮಾಡುವ ಹಸಿ ಸಾಸಿವೆ ಪದಾರ್ಥಕ್ಕೂ ಫುಜಿಯೇ ಚಂದ: ಕಾಯಿತುರಿಗೆ ಅರ್ಧ ಚಮಚ ಸಾಸಿವೆ, ಒಂದು ಹಸಿಮೆಣಸು ಸಾಕು, ಸಾಸಿವೆ ಜಾಸ್ತಿಯಾದರೆ ಕಹಿ. ಉಪ್ಪು ಮತ್ತು ಮೊಸರು ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಹಣ್ಣು ನೀರು ಬಿಡುತ್ತದೆ.

ಗಾಲಾ ಮಕ್ಕಳ ಟಿಫಿನಿಗೆ ಸರಿ: ಸಣ್ಣದು, ತೆಳು ಸಿಪ್ಪೆ. ಏಪ್ರಿಲಿನಿಂದ ಜುಲೈವರೆಗೆ ನಮ್ಮ ಹಣ್ಣು ಹಳತಾದಾಗ ನ್ಯೂಜಿಲೆಂಡಿನ ಹೊಸ ಗಾಲಾ ಬರುತ್ತದೆ, ದುಡ್ಡು ಜಾಸ್ತಿಯಾದರೂ ಆಗ ಅದೇ ಲೇಸು. ಅಡುಗೆಗೆ ಬೇಡ, ಬೆಂದರೆ ರುಚಿಯೇ ಇಲ್ಲ.

ಉಗುರಲ್ಲಿ ಕೆರೆದಾಗ ಬಿಳಿಯಾಗಿ ಬರುವ ಮೇಣಕ್ಕೆ ಹೆದರಬೇಕಿಲ್ಲ, ತಿನ್ನಲು ಯೋಗ್ಯವಾದ ಮೇಣ ಸವರಲು ಅನುಮತಿ ಇದೆ. ಉಗುರುಬೆಚ್ಚನೆ ನೀರಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿದರೆ ಹೆಚ್ಚಿನಂಶ ಹೋಗುತ್ತದೆ. ಫ್ರಿಜ್ಜಿನಲ್ಲಿ ಆಪಲನ್ನು ಪ್ರತ್ಯೇಕ ತೊಟ್ಟೆಯಲ್ಲಿ ಇಡಿ. ಅದು ಬಿಡುವ ಎಥಿಲೀನ್ ಅನಿಲಕ್ಕೆ ಪಕ್ಕದ ಮುಳ್ಳುಸೌತೆ, ಸೊಪ್ಪು ಹಳದಿಯಾಗುತ್ತವೆ. ಪಾಯಸಕ್ಕೆ ಹಸಿರು ಆಪಲ್ ಹಾಕುವ ಯೋಚನೆಯೇ ಬೇಡ, ಬಿಸಿ ಹಾಲು ಒಡೆಯುತ್ತದೆ. ಕೆಂಪು ಹಣ್ಣಿನ ತುರಿಯನ್ನು ತುಪ್ಪದಲ್ಲಿ ಬಾಡಿಸಿ, ಪೂರ್ತಿ ಆರಿಸಿ, ತಣಿದ ಹಾಲಿಗೆ ಸೇರಿಸಿ.