ಅವ್ವನ ಸಮಾಧಿ ಕಲ್ಲಿಗೆ ಯಾವ ವಾಕ್ಯ?

ಬೀದರ್‌ನ ತಂಗಿಯೊಬ್ಬರು ಕೇಳಿದ್ದಾರೆ: ತೀರಿಹೋದ ಅವ್ವನ ಕಲ್ಲಿನ ಮೇಲೆ ಬೈಬಲಿನ 1 ಥೆಸಲೊನೀಕ 4 ಬರೆಸೋದಾ, ಯೋಹಾನ 14 ಬರೆಸೋದಾ, ಪ್ರಕಟನೆ 21 ಬರೆಸೋದಾ?

ಅವ್ವನನ್ನು ಮತ್ತೆ ಕಾಣುತ್ತೇವೆ ಅನ್ನುವುದೇ ನಿಮಗೆ ಮುಖ್ಯವಾದರೆ ಥೆಸಲೊನೀಕ. ತಮ್ಮವರನ್ನು ಕಳೆದುಕೊಂಡು ಕೊರಗುತ್ತಿದ್ದ ಕ್ರೈಸ್ತ ಸಭೆಗೇ ಅಪೊಸ್ತಲ ಪೌಲ ಇದನ್ನು ಬರೆದ. ಕ್ರಿಸ್ತನಲ್ಲಿ ಸತ್ತವರು ಮೊದಲು ಏಳುತ್ತಾರೆ, ಆಮೇಲೆ ಬದುಕಿರುವವರು ಅವರ ಜೊತೆಗೇ ಕರ್ತನಾದ ಯೇಸುವನ್ನು ಎದುರುಗೊಳ್ಳುತ್ತಾರೆ. ಉಳಿದ ಎರಡರಲ್ಲಿ ಈ ಮಾತು ಇಷ್ಟು ನೇರವಾಗಿಲ್ಲ. ಯೋಹಾನದಲ್ಲಿ ಯೇಸು, ತಂದೆಯ ಮನೆಯಲ್ಲಿ ಜಾಗ ಸಿದ್ಧಮಾಡಿ ಬಂದು ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾರೆ. ಅಲ್ಲಿ ಅವ್ವ ಸಿಗುತ್ತಾಳೆ ಅನ್ನುವುದನ್ನು ನಾವೇ ಸೇರಿಸಿ ಓದಿಕೊಳ್ಳಬೇಕು.

ಅವ್ವ ಬಹಳ ದಿನ ಹಾಸಿಗೆ ಹಿಡಿದು ನರಳಿದ್ದರೆ ನಾನಂತೂ ಪ್ರಕಟನೆ 21:4 ಕಡೆಗೇ ವಾಲುತ್ತೇನೆ. ದೇವರೇ ಕಣ್ಣೀರು ಒರೆಸುತ್ತಾನೆ, ಇನ್ನು ಸಾವಿಲ್ಲ, ನೋವಿಲ್ಲ. ಬೇರೆ ಧರ್ಮದ ನೆಂಟರಿಗೂ ತಕ್ಷಣ ಅರ್ಥವಾಗುತ್ತದೆ.

ಕಲ್ಲನ್ನೂ ನೋಡಬೇಕು ಅಲ್ವಾ? ಶಹಾಬಾದ್ ಕಲ್ಲಿನಲ್ಲಿ ಪದರು ಏಳುತ್ತದೆ. ಸಣ್ಣದಾಗಿ ಕೆತ್ತಿದ ಒತ್ತಕ್ಷರ ಮೊದಲು ಅಳಿಸುತ್ತದೆ. ಹಾಗಾಗಿ ಥೆಸಲೊನೀಕದ ಉದ್ದ ಭಾಗ ಕೆತ್ತಿಸಬೇಡಿ. ಕಲ್ಲಿಗೆ ಅಧ್ಯಾಯ, ವಾಕ್ಯದ ಸಂಖ್ಯೆ ಸಾಕು, ಪೂರ್ತಿ ಭಾಗವನ್ನು ಜ್ಞಾಪಕಾರ್ಥ ಪ್ರಾರ್ಥನೆಯಲ್ಲಿ ಓದಿಸಿ. ಯೋಹಾನ ಒಂದೇ ಸಾಲಿನಲ್ಲಿ ಚೆನ್ನಾಗಿ ಕೂರುತ್ತದೆ.